‘ಕೊಟ್ಟಾಯ್ತು’ ಇಲ್ಲದ ಸಾಲುಗಳು

ಗೃಹಪ್ರವೇಶದ ಪಟ್ಟಿ ನಮ್ಮ ಮನೆಯಾಕೆಯದು. ಸಾಲಿಗೊಬ್ಬ ನೆಂಟ, ಕರೆಯೋಲೆ ತಲುಪಿದವರ ಮುಂದೆ ‘ಕೊಟ್ಟಾಯ್ತು’. ಉಳಿದವರನ್ನು ಆರಿಸಲು ಅವಳು ಕನ್ನಡಕ ಏರಿಸಿಕೊಂಡಳು. “ಇದಕ್ಕೆಲ್ಲ ಕಣ್ಣು ಸವೆಸಬಾರದು ಕಣೇ, ಬರಹದಲ್ಲಿ ಬೇಕಾದ್ದನ್ನು ಹುಡುಕೋಕೆ ರೆಜೆಕ್ಸ್ ಅಂತಿದೆ” ಎಂದು ಲ್ಯಾಪ್‌ಟಾಪ್ ಎಳೆದುಕೊಂಡೆ. ನಿಮ್ಮ ಮನೆಯಲ್ಲೂ ಇಂಥವನೊಬ್ಬ ಇದ್ದೇ ಇರ್ತಾನೆ.

ಇರುವುದನ್ನು ಹುಡುಕೋದು ಸುಲಭ, ಇಲ್ಲದ್ದನ್ನು ಹುಡುಕೋದೇ ಕಷ್ಟ. ಡಬ್ಬಿಯಲ್ಲಿ ಸಕ್ಕರೆ ಮುಗಿದದ್ದು ಗಂಡಸರ ಕಣ್ಣಿಗೆ ಎಂದಾದರೂ ಬಿದ್ದಿದೆಯೇ?

[^ಕೊಟ್ಟಾಯ್ತು] ಅಂತ ಬರೆದು ಗುಂಡಿ ಒತ್ತಿದೆ. ಇಡೀ ಪಟ್ಟಿಯೇ ಬಣ್ಣ ಬಳಿದುಕೊಂಡಿತು. ಚೌಕ ಆವರಣಕ್ಕೆ ಪದದ ಹಂಗಿಲ್ಲ; ಆ ಅಕ್ಷರಗಳನ್ನು ಬಿಟ್ಟು ಬೇರೆ ಯಾವುದು ಸಿಕ್ಕರೂ ಹಿಡಿದುಕೊಳ್ಳುತ್ತದೆ.

“ಅಂದ್ರೆ ಯಾರಿಗೂ ಕೊಟ್ಟೇ ಇಲ್ವಾ?”

ಮರ್ಯಾದೆ ಉಳಿಸಿಕೊಳ್ಳಲು ಚರಿತ್ರೆಗೆ ಇಳಿದೆ. 1956ರಲ್ಲಿ ಸ್ಟೀಫನ್ ಕ್ಲೇನಿ ಎಂಬ ಗಣಿತಜ್ಞ ನರಜಾಲಗಳ ಬಗ್ಗೆ ಬರೆಯುತ್ತ ಈ ರೆಜೆಕ್ಸ್‌ಗೆ ಅಡಿಪಾಯ ಹಾಕಿದ, 1968ರಲ್ಲಿ ಕೆನ್ ಥಾಂಪ್ಸನ್ ಇದರಿಂದ ಬರಹ ಜಾಲಾಡುವ ದಾರಿ ತೋರಿಸಿದ ಅಂತೆಲ್ಲ ಹೇಳಿದೆ.

“ಅವರಿಬ್ಬರನ್ನೂ ಪಟ್ಟಿಗೆ ಸೇರಿಸ್ಲಾ?” ಅಂದಳು.

ಕೊನೆಗೆ ಬ್ರಹ್ಮಾಸ್ತ್ರ: ^(?!.*ಕೊಟ್ಟಾಯ್ತು).*$. ಸಾಲಿನ ಹೊಸ್ತಿಲಲ್ಲೇ ನಿಂತು ಕೊನೆವರೆಗೂ ಇಣುಕಿ, ಆ ಪದ ಎಲ್ಲೂ ಇಲ್ಲ ಅಂತ ಖಾತ್ರಿಯಾದ ಮೇಲೇ ಇದು ಸಾಲನ್ನು ಹಿಡಿಯೋದು. ಹಿಡಿಯಿತು! ಕಾಲರ್ ಸರಿಮಾಡಿಕೊಂಡು, ಸಿಕ್ಕ ಹೆಸರುಗಳನ್ನೆಲ್ಲ ಬರೆದುಕೊಂಡು ಸ್ಕೂಟರ್ ಹತ್ತಿದೆ.

“ಮೊನ್ನೆ ತಾನೆ ನಿಮ್ಮತ್ತೆ ಬಂದು ಕೊಟ್ಟು ಹೋದ್ರಲ್ಲಪ್ಪ, ಮುಹೂರ್ತ ಬದಲಾಯ್ತಾ?” ಅಂದರು ಮೊದಲ ಮನೆಯ ಅಜ್ಜಿ. ಎರಡನೇ ಮನೆಯಲ್ಲೂ ಅದೇ ಮಾತು. ಅತ್ತೆ ನಿವೃತ್ತ ಕನ್ನಡ ಮೇಡಂ. ತಾವು ಕೊಟ್ಟ ಕಡೆಯೆಲ್ಲ ಶುದ್ಧವಾಗಿ ‘ಕೊಟ್ಟಾಯಿತು’ ಅಂತ ಟೈಪ್ ಮಾಡಿದ್ದರು. ಹಾಗಂತ ಮನೆಯೊಳಗೆ ಕಾಲಿಟ್ಟವನು ಬರಿಗೈಲಿ ಬರೋಕಾಗುತ್ತಾ? ಎಲ್ಲರಿಗೂ ಇನ್ನೊಂದು ಕೊಟ್ಟೆ. ಕಾಫಿಯನ್ನೂ ಕುಡಿದೆ.

“ಅಪ್ಪ, ಪದ ಇರೋ ಸಾಲಿಗೆಲ್ಲ ಬುಕ್‌ಮಾರ್ಕ್ ಹಾಕಿ ಉಲ್ಟಾ ಮಾಡಿದ್ರೆ ಆಗಿತ್ತು. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಅದಕ್ಕೇ ಒಂದು ಮೆನು ಇದೆ” ಅಂದಳು ಮಗಳು, ಫೋನಿಂದ ತಲೆ ಎತ್ತದೆ.

ಹಾಗೆ ಮಾಡಿದ್ದರೂ ದೊಡ್ಡ ಮಾವ ಸಿಗುತ್ತಿರಲಿಲ್ಲ. ಅವರ ಸಾಲಿನಲ್ಲಿ ಇದ್ದದ್ದು ಹೀಗೆ: ‘ಪೋಸ್ಟಲ್ಲಿ ಹಾಕಿ ಕೊಟ್ಟಾಯ್ತು ಅನ್ಬೇಡಿ, ಇಬ್ಬರೂ ಹೋಗಿ ಕರೀಬೇಕು.’ ಪದ ಇದೆಯಲ್ಲ, ರೆಜೆಕ್ಸ್ ಮಾವನನ್ನು ಸಲೀಸಾಗಿ ದಾಟಿಕೊಂಡು ಹೋಗಿತ್ತು. ಅವರನ್ನು ಪತ್ತೆ ಹಚ್ಚಿದ್ದು ಮನೆಯಾಕೆಯ ಕನ್ನಡಕ.

ನಿಮ್ಮ ಮನೆಗೆ ನಮ್ಮ ಕರೆಯೋಲೆ ಎರಡು ಬಂದಿದ್ದರೆ ದಯವಿಟ್ಟು ಒಂದನ್ನು ವಾಪಸು ಕೊಡಿ. ಮಾವನ ಮನೆಗೆ ಒಯ್ಯಲು ನಮ್ಮಲ್ಲಿ ಒಂದೂ ಉಳಿದಿಲ್ಲ.