ಎಂಟು ಗ್ರಾಂ ಔದಾರ್ಯ

ಚಹಾ ಕುಡಿಯುವುದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಿಂತವರು ಯಾರು ಬೇಕಾದರೂ ಕುಡಿಯಬಲ್ಲರು. ಆದರೆ ಚಹಾ ಕೊಳ್ಳುವುದು, ಕೊಂಡದ್ದನ್ನು ತೂಗುವುದು, ತೂಗಿದ್ದನ್ನು ಹಂಚುವುದು, ಹಂಚಿದ್ದರ ಬಗ್ಗೆ ಮೂರು ಪುಟ ಬರೆಯುವುದು, ಇಷ್ಟೆಲ್ಲ ಆದ ಮೇಲೆ ಕುಡಿಯದೆ ಎತ್ತಿಡುವುದು, ಇದಕ್ಕೆ ಸಂಸ್ಕಾರ ಬೇಕು. ಆ ಸಂಸ್ಕಾರ ಪೂರ್ತಿಯಾಗಿ ಕೈಗೂಡಿರುವುದು ಚೀನಾದ ಫುಜಿಯಾನ್ ಪ್ರಾಂತ್ಯದ ವೂಯಿ ಬೆಟ್ಟಗಳ ಹುರಿದ ಊಲಾಂಗ್ ಚಹಾವನ್ನು ಆರಾಧಿಸುವ ಬಳಗಕ್ಕೆ. ಈ ಬಳಗಕ್ಕೆ ಊರು ಕೇರಿ ಇಲ್ಲ. ತೈಪೆಯಲ್ಲಿದ್ದಾರೆ, ಪ್ರಾಗಿನಲ್ಲಿದ್ದಾರೆ, ನಮ್ಮ ಬೆಂಗಳೂರಿನಲ್ಲೂ ಇದ್ದಾರೆ. ಅವರ ಗುಣಗಾನ ಇದುವರೆಗೆ ಯಾರೂ ಮಾಡದೆ ಉಳಿದಿತ್ತು. ಅವರೇ ಮಾಡಿಕೊಂಡದ್ದನ್ನು ಲೆಕ್ಕಕ್ಕೆ ಹಿಡಿಯಬಾರದಷ್ಟೆ.

ಮೊದಲು ಅವರ ಭೂಗೋಳಜ್ಞಾನಕ್ಕೆ ನಮಸ್ಕಾರ. ವೂಯಿಯಲ್ಲಿ ಗಿಡಗಳು ಬಂಡೆಯ ಸಂದಿಗಳಲ್ಲಿ, ಕಡಿದಾದ ಕಣಿವೆಗಳ ಜಿನುಗಿನಲ್ಲಿ ಬೆಳೆಯುತ್ತವೆ. ಅದಕ್ಕೇ ಅದು ಬಂಡೆ ಚಹಾ. ಚೀನಾದ ರಾಷ್ಟ್ರೀಯ ಮಾನದಂಡದ ಪ್ರಕಾರ ವೂಯಿಶಾನ್ ನಗರಾಡಳಿತದ ಸುಮಾರು 2,800 ಚದರ ಕಿಲೋಮೀಟರ್ ಒಳಗೆ ಬೆಳೆದು, ಕ್ರಮವಾಗಿ ತಯಾರಾದದ್ದು ಬಂಡೆ ಚಹಾವೇ. ಕಾನೂನಿಗೇನು, ಅದಕ್ಕೆ ನಾಲಗೆ ಇಲ್ಲ. ಬಳಗದ ಲೆಕ್ಕದಲ್ಲಿ ಅಸಲಿ ಬಂಡೆ ಇರುವುದು ಸುಮಾರು 70 ಚದರ ಕಿಲೋಮೀಟರಿನಲ್ಲಿ. ಅದರೊಳಗೂ ಮೂರು ಕಣಿವೆ, ಎರಡು ಕೊರಕಲು ಮಾತ್ರ ಬಾಯಿಗೆ ಯೋಗ್ಯ. ಆ ಮೂರರಲ್ಲಿ ಒಂದು ನ್ಯೂಲಾನ್ ಕೆಂಗ್, ಅಂದರೆ ದನದ ಕೊಟ್ಟಿಗೆಯ ಕಣಿವೆ. ಅಲ್ಲಿ ಬೆಳೆದ ರೌ ಗುಯಿ ತಳಿಯ ಎಲೆಗೆ ಅರ್ಧ ಕಿಲೋಗೆ ಹತ್ತಾರು ಸಾವಿರ ಯುವಾನ್ ಬೆಲೆ ಹೇಳುವುದುಂಟು. ಚೀನೀ ರಸಿಕರು ಮುದ್ದಿನಿಂದ ಇದನ್ನು 'ದನದ ಮಾಂಸ' ಎಂದು ಕರೆಯುತ್ತಾರೆ. ಕುದುರೆತಲೆ ಬಂಡೆಯ ರೌ ಗುಯಿ 'ಕುದುರೆ ಮಾಂಸ'. ಕಟ್ಟಾ ಸಸ್ಯಾಹಾರಿಗಳು ಕೂಡ ಇವೆರಡನ್ನೂ ಗ್ರಾಂ ಲೆಕ್ಕದಲ್ಲಿ ತರಿಸಿ, ಯಾವುದು ಮೇಲು ಎಂದು ನಡುರಾತ್ರಿಯವರೆಗೆ ವಾದಿಸುತ್ತಾರೆ.

ಕಿರಿದಾದ ಆ ಕಣಿವೆಯ ದೊಡ್ಡ ಮನಸ್ಸನ್ನೂ ಹೇಳಬೇಕು. ಗಿಡಗಳು ಎಷ್ಟಿದ್ದಾವು? ಆದರೂ ಬೇಡಿದವರಿಗೆ ಬೇಡಿದಷ್ಟು ಎಲೆ ವರ್ಷವೂ ಸಿಗುತ್ತಿದೆ. ಅಕ್ಷಯಪಾತ್ರೆಯ ಮಹಿಮೆ ದ್ರೌಪದಿಯ ಕಾಲಕ್ಕೆ ಮುಗಿಯಿತು ಎಂದು ತಿಳಿದವರು ಒಮ್ಮೆ ಚಹಾ ಮಾರುವವರ ಪಟ್ಟಿ ನೋಡಬೇಕು. ಹಿಡಿ ಎಲೆಗೆ ಅಷ್ಟು ಹಣ ತೆತ್ತವರು ಮಾತ್ರ ಇದು ನಿಜಕ್ಕೂ ಆ ಕಣಿವೆಯದ್ದೇ ಎಂದು ಕೇಳುವುದಿಲ್ಲ. ಕೊಟ್ಟ ಬೆಲೆಯೇ ಪುರಾವೆ.

ಈಗ ಹಂಚಿಕೆಯ ವಿಚಾರ. ಚೀನಾದಲ್ಲಿ ಈ ಚಹಾ ಬರುವುದು ಎಂಟು ಗ್ರಾಮಿನ ಪುಟ್ಟ ಪೊಟ್ಟಣಗಳಲ್ಲಿ. ಒಂದು ಪೊಟ್ಟಣ, ಒಂದು ಗೈವಾನ್, ಎಂದರೆ ಮುಚ್ಚಳದ ಬಟ್ಟಲು, ಒಂದು ಕೂರುವಿಕೆ. ಹೊರದೇಶದವರು ಬಿಡಿಯಾಗಿ ತರಿಸಿದರೆ ಸಾಗಣೆ ವೆಚ್ಚ ಎಲೆಯನ್ನೇ ನುಂಗುತ್ತದೆ. ಹಾಗಾಗಿ ಹತ್ತಾರು ಜನ ಹಣ ಕೂಡಿಸುತ್ತಾರೆ, ಒಬ್ಬ ಯಜಮಾನನ ಹೆಸರಿಗೆ ಪಾರ್ಸೆಲ್ ಬರುತ್ತದೆ. ಅಂದು ರಾತ್ರಿ ಅವನ ಅಡುಗೆಮನೆಯಲ್ಲಿ ಫ್ಯಾನ್ ಬಂದ್. ಎಲೆ ಹಾರಬಾರದು. ಒಗ್ಗರಣೆ ಬಂದ್. ಎಲೆ ವಾಸನೆ ಹೀರಬಾರದು. ಗ್ರಾಮಿನ ನೂರನೇ ಭಾಗ ತೋರಿಸುವ ಅಕ್ಕಸಾಲಿ ತಕ್ಕಡಿಯ ಮುಂದೆ ಅವನು ಉಸಿರು ಬಿಗಿಹಿಡಿದು ಕೂರುತ್ತಾನೆ. ಶಾಲೆಯಲ್ಲಿ ಪೆಪ್ಪರ್‌ಮಿಂಟನ್ನು ಅಂಗಿಯ ಚುಂಗಿನಲ್ಲಿಟ್ಟು ಕಚ್ಚಿ ಗುಬ್ಬಿ ಎಂಜಲು ಮಾಡಿ ಹಂಚುತ್ತಿದ್ದೆವಲ್ಲ, ಅದೇ ಪ್ರೀತಿ, ಆದರೆ ಇಲ್ಲಿ ರಶೀದಿ ಉಂಟು. ಚೀಲದ ತಳದ ಪುಡಿಯನ್ನು ಎಲ್ಲರ ಪಾಲಿಗೂ ಸಮನಾಗಿ ಹಾಕುವ ನ್ಯಾಯ ಅವನದು. ಉದ್ದನೆಯ ಇಡೀ ಎಲೆಗಳು ದಾರಿಯಲ್ಲಿ ಮುರಿದಾವೆಂಬ ಕಾಳಜಿಯಿಂದ ಅವನ್ನು ತನ್ನ ಡಬ್ಬಿಯಲ್ಲೇ ಉಳಿಸಿಕೊಳ್ಳುವ ತ್ಯಾಗವೂ ಅವನದೇ. ಕೊಟ್ಟವ ಕೋಡಂಗಿ, ಈಸ್ಕೊಂಡವ ಈರಭದ್ರ ಅನ್ನುತ್ತಾರೆ ನಮ್ಮ ಕಡೆ. ಈ ಬಳಗದಲ್ಲಿ ಕೊಟ್ಟವನೇ ಈರಭದ್ರ.

ಪಾಲಿನ ಜೊತೆಗೆ ಐದು ಗ್ರಾಂ ಉಚಿತ ಮಾದರಿಯೂ ಬರುತ್ತದೆ. ಜೊತೆಗೊಂದು ಚೀಟಿ: 'ಪ್ರಾಮಾಣಿಕ ಅಭಿಪ್ರಾಯ ತಿಳಿಸಿ.' ಹೊಸಬನೊಬ್ಬ ಪ್ರಾಮಾಣಿಕವಾಗಿಯೇ ಸುಟ್ಟ ವಾಸನೆ ಬಂತು ಎಂದು ಬರೆದ ಅನ್ನಿ. ಹುರಿದ ಬೆಂಕಿಯ ಘಾಟು ಇನ್ನೂ ಇಳಿದಿಲ್ಲ, ಆತುರಪಟ್ಟಿದ್ದೀರಿ ಎಂಬ ಸಾಂತ್ವನ ಬರುತ್ತದೆ. ಸಪ್ಪೆ ಎಂದನೋ, ನೀರು ತಪ್ಪು. ಕಹಿ ಎಂದನೋ, ಸೆಕೆಂಡು ತಪ್ಪು. ನೀರು, ಸೆಕೆಂಡು ಎರಡೂ ಸರಿಯಿದ್ದವೆಂದು ರುಜುವಾತು ಮಾಡಿದನೋ, ಅಂದು ಹವೆ ಸರಿಯಿರಲಿಲ್ಲ. ಎಂದೂ ತಪ್ಪು ಮಾಡದ ವಸ್ತು ಲೋಕದಲ್ಲಿ ಒಂದಾದರೂ ಇರಬೇಕು ಎಂಬ ಮನುಷ್ಯಕುಲದ ಹಳೆಯ ಹಂಬಲ ಹೀಗೆ ಈಡೇರಿದೆ. ಅವನು ಮರುಪರೀಕ್ಷೆಗೆ ಮುಂದಾಗುವ ಹೊತ್ತಿಗೆ ಐದು ಗ್ರಾಂ ಮುಗಿದಿರುತ್ತದೆ. ಮೇಲ್ಮನವಿಗೆ ಅವಕಾಶವಿಲ್ಲದ ಇಂಥ ನ್ಯಾಯದಾನ ನಮ್ಮ ಕೋರ್ಟುಗಳಿಗೂ ದಕ್ಕಿಲ್ಲ.

ಕಡಿಮೆ ಕೊಡುವುದೇ ಹೆಚ್ಚು ಕೊಡುವುದು ಎಂಬ ಸಿದ್ಧಾಂತಕ್ಕೆ ರಾಜಮನ್ನಣೆಯೂ ಇದೆ. 1972ರಲ್ಲಿ ನಿಕ್ಸನ್ ಚೀನಾಕ್ಕೆ ಹೋದಾಗ ಮಾವೊ ದಾ ಹಾಂಗ್ ಪಾವೊ ಎಂಬ ಬಂಡೆ ಚಹಾ ಇನ್ನೂರು ಗ್ರಾಂ ಕೊಟ್ಟರೆಂದೂ, ಇಷ್ಟೇನಾ ಎಂದು ಅತಿಥಿಯ ಮುಖ ಸಣ್ಣದಾಯಿತೆಂದೂ, ಆಗ ಪ್ರಧಾನಿ ಚೌ ಎನ್ ಲಾಯ್, ಮಾವೊ ನಿಮಗೆ ಅರ್ಧ ರಾಜ್ಯವನ್ನೇ ಕೊಟ್ಟಿದ್ದಾರೆ ಎಂದು ತಿಳಿಹೇಳಿದರೆಂದೂ ಕತೆಯಿದೆ. ವರ್ಷಕ್ಕೆ ಸಿಗುವುದೇ ನಾನೂರು ಗ್ರಾಂ ಎಂಬುದು ಕತೆಯ ತಿರುಳು. ನಿಜವೋ ಸುಳ್ಳೋ ಯಾರೂ ಕೆದಕುವುದಿಲ್ಲ. ನಾಲ್ಕು ಗ್ರಾಂ ಪೊಟ್ಟಣ ಕಳಿಸುವವರೆಲ್ಲ ಈ ಕತೆಯನ್ನು ಜೊತೆಗೆ ಕಳಿಸುತ್ತಾರೆ. ಕತೆಗೆ ತೂಕವಿಲ್ಲ, ಅಂಚೆ ವೆಚ್ಚ ಹೆಚ್ಚುವುದಿಲ್ಲ.

ಆ ದಾ ಹಾಂಗ್ ಪಾವೊದ ತಾಯಿಗಿಡಗಳು ಆರೇ ಆರು, ಕಡಿದಾದ ಬಂಡೆಯ ಗೋಡೆಯಲ್ಲಿನ ಕಟ್ಟೆಯಲ್ಲಿವೆ. 2002ರಲ್ಲಿ ಗುವಾಂಗ್‌ಝೌ ಹರಾಜಿನಲ್ಲಿ ಅವುಗಳ ಇಪ್ಪತ್ತು ಗ್ರಾಂ ಎಲೆ 1,80,000 ಯುವಾನಿಗೆ ಹೋಯಿತು. 2006ರಲ್ಲಿ ಗಿಡಗಳಿಗೆ ಹತ್ತು ಕೋಟಿ ಯುವಾನಿನ ವಿಮೆ ಮಾಡಿಸಿ, ಕೊಯ್ಲನ್ನೇ ನಿಲ್ಲಿಸಿದರು. ಕೊನೆಯ ಕೊಯ್ಲಿನ ಇಪ್ಪತ್ತು ಗ್ರಾಂ 2007ರಲ್ಲಿ ಬೀಜಿಂಗಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸೇರಿತು. ಅಂದಿನಿಂದ ಈ ಚಹಾ ಪರಿಪೂರ್ಣ. ಯಾರೂ ಕುಡಿಯುವಂತಿಲ್ಲವಾದ್ದರಿಂದ ಅದರ ರುಚಿಯ ಬಗ್ಗೆ ಭಿನ್ನಾಭಿಪ್ರಾಯವೇ ಇಲ್ಲ. ಅಂಗಡಿಯಲ್ಲಿ ಈಗ ಅದೇ ಹೆಸರಿನಲ್ಲಿ ಸಿಗುವುದು ಬಹುಮಟ್ಟಿಗೆ ಹಲವು ತಳಿಗಳ ಮಿಶ್ರಣ, ಇಲ್ಲವೇ ಕಡ್ಡಿ ನೆಟ್ಟು ಬೆಳೆಸಿದ ಸಂತತಿ. ಬಳಗದವರು ಅದನ್ನು ಗುಟುಕರಿಸಿ, ತಾಯಿಯ ಹೋಲಿಕೆ ಇದೆ ಎನ್ನುತ್ತಾರೆ. ತಾಯಿಯನ್ನು ಕಂಡಿರಲೇಬೇಕು ಎಂಬ ಹಟವಿಲ್ಲ.

ಬೆಂಕಿಯ ಮಾತಿಗೆ ಬರೋಣ, ಏಕೆಂದರೆ ಹಿರಿಮೆಯೆಲ್ಲ ಇರುವುದು ಅಲ್ಲೇ. ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಕೊಯ್ದ ಎಲೆಯನ್ನು ಬಾಡಿಸಿ, ರಾತ್ರಿಯಿಡೀ ಮತ್ತೆ ಮತ್ತೆ ಕುಲುಕಿ ಅಂಚನ್ನು ಜಜ್ಜಿ, ಬಿಸಿ ತೋರಿಸಿ, ಹೊಸೆದು ಒಣಗಿಸುತ್ತಾರೆ. ಕಡ್ಡಿ ಆರಿಸಿದ ಮೇಲೆ ಇದ್ದಿಲ ಸರದಿ. ಹೊಗೆ ಪೂರ್ತಿ ಹೋಗುವವರೆಗೆ ಇದ್ದಿಲು ಉರಿಸಿ, ಮೇಲೆ ಬೂದಿ ಹೊದಿಸಿ, ಬಿದಿರಿನ ಬುಟ್ಟಿಯಲ್ಲಿ ಎಲೆ ಹರಡಿ ಗಂಟೆಗಟ್ಟಲೆ ಕಾಯಿಸುತ್ತಾರೆ. ಕಾವು ಹೆಚ್ಚಿದರೆ ಮೇಲೆ ಬೂದಿ ಎಳೆಯಬೇಕು, ತಗ್ಗಿದರೆ ಸರಿಸಬೇಕು. ನಡುನಡುವೆ ಬುಟ್ಟಿ ಇಳಿಸಿ ಎಲೆ ಮಗುಚಬೇಕು. ವಾರಗಳ ಬಿಡುವು ಕೊಟ್ಟು ಇದನ್ನೇ ಎರಡು ಮೂರು ಸಲ ಮಾಡಬೇಕು. ಈ ಕಸುಬು 2006ರಲ್ಲಿ ಚೀನಾದ ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು, 2022ರಲ್ಲಿ ಯುನೆಸ್ಕೊ ಚೀನೀ ಚಹಾ ತಯಾರಿಕೆಯನ್ನು ತನ್ನ ಪಟ್ಟಿಗೂ ಸೇರಿಸಿತು. ಇದ್ದಿಲ ಕಾವಿನ ಎದುರು ರಾತ್ರಿ ಕಳೆದ ಕುಶಲಿ ಬೆಳಗ್ಗೆ ಒಂದು ಗುಟುಕು ಸುರ್ರನೆ ಎಳೆದು, ಆಯಿತು ಇಲ್ಲವೇ ಆಗಲಿಲ್ಲ ಎನ್ನುತ್ತಾನೆ. ಅಷ್ಟೇ. ಪಾಪ, ಅವನಿಗೆ ವರ್ಣನೆ ಬರುವುದಿಲ್ಲ. ಆ ಕೊರತೆ ತುಂಬುವ ಹೊಣೆಯನ್ನು ಬಳಗ ಹೊತ್ತಿದೆ.

ಹೇಗೆ ತುಂಬುತ್ತದೆ ನೋಡಿ. ಮೊದಲ ಬಟ್ಟಲಿನಲ್ಲಿ ಮಳೆ ನಿಂತ ಮೇಲಿನ ಕಲ್ಲು. ಎರಡನೆಯದರಲ್ಲಿ ಸೀದ ಸಕ್ಕರೆ, ಬೀಟೆ ಮರದ ಬೀರು. ಮೂರನೆಯದರಲ್ಲಿ ಹಾವಸೆ. ಮುದಿ ಗಿಡದ ಶುಯಿ ಶ್ಯಾನ್ ತಳಿಯಾದರೆ ಹಾವಸೆ ಕಡ್ಡಾಯ, ಬರದಿದ್ದರೆ ಗಿಡಕ್ಕೆ ವಯಸ್ಸಾಗಿಲ್ಲವೆಂದಲ್ಲ, ಕುಡಿದವನಿಗೆ ಆಗಿಲ್ಲ. ಕಲ್ಲು, ಬೀರು, ಹಾವಸೆ ಇವುಗಳನ್ನು ಇವರೆಲ್ಲ ಯಾವಾಗ ನೆಕ್ಕಿ ನೋಡಿದರು ಎಂದು ಕೇಳುವುದು ಕುಹಕ. ನುಂಗಿದ ಮೇಲೆ ಗಂಟಲಿನಲ್ಲಿ ಉಳಿಯುವ ಅನುರಣನಕ್ಕೆ 'ಬಂಡೆಯ ಪ್ರಾಸ' ಎಂದು ಹೆಸರು. ಅದು ಕೆಲವರಿಗೆ ಏಳನೇ ಬಟ್ಟಲಿನಲ್ಲಿ ಬರುತ್ತದೆ, ಕೆಲವರಿಗೆ ಬಿಲ್ ನೋಡಿದೊಡನೆ.

ನೀರಿನಲ್ಲಿ ಅವರಿಗಿರುವ ನಿಷ್ಠೆ ಇನ್ನೂ ದೊಡ್ಡದು. ಬೆಂಗಳೂರಿನ ಭಕ್ತರು ಸಾವಿರ ಅಡಿ ಬಂಡೆ ಕೊರೆದು ತೆಗೆದ ಬೋರ್‌ವೆಲ್ ನೀರನ್ನು ಮೊದಲು ಯಂತ್ರಕ್ಕೆ ಹಾಕಿ, ಅದರಲ್ಲಿರುವ ಬಂಡೆಯನ್ನೆಲ್ಲ ತೆಗೆಸುತ್ತಾರೆ. ಆ ಮೇಲೆ ಔಷಧದಂಗಡಿಯಿಂದ ತಂದ ಲವಣಗಳನ್ನು ಹನಿ ಲೆಕ್ಕದಲ್ಲಿ ಬೆರೆಸಿ, ಬಂಡೆ ಚಹಾಕ್ಕೆ ಒಪ್ಪುವ ಖನಿಜಾಂಶ ತರುತ್ತಾರೆ. ನಮ್ಮ ಬೆಂಗಳೂರಿನ ಬಂಡೆ ಭೂಮಿಯ ಮೇಲಿನ ಅತ್ಯಂತ ಹಳೆಯ ಬಂಡೆಗಳ ಪೈಕಿ ಸೇರಿದ್ದೇನೋ ಹೌದು, ಆದರೆ ವಯಸ್ಸೊಂದೇ ಯೋಗ್ಯತೆಯಾಗುತ್ತದೆಯೇ? ದೂರದ ಬೆಟ್ಟ ನುಣ್ಣಗೆ ಎಂದವರಿಗೆ ದೂರದ ಬೆಟ್ಟ ರುಚಿಯೂ ಹೌದು ಎಂಬುದು ತಿಳಿದಿರಲಿಲ್ಲ.

ಇಷ್ಟಾದರೂ ಕುಡಿಯುವುದು ಕೆಳಗಿನ ಮೆಟ್ಟಿಲು. ಮೇಲಿನದು ಕಾಯುವುದು. ಹುರಿದ ಚಹಾದಲ್ಲಿ ಬೆಂಕಿಯ ಘಾಟು ಇಳಿಯಲು ತಿಂಗಳುಗಳು ಬೇಕು. ಗಾಢವಾಗಿ ಹುರಿದದ್ದಕ್ಕೆ ವರ್ಷವೇ ಬೇಕಾದೀತು. ಇಷ್ಟು ನಿಜ. ಈ ನಿಜದ ಮೇಲೆ ಬಳಗ ಏಳು ಅಂತಸ್ತು ಕಟ್ಟಿದೆ. ಪಾರ್ಸೆಲ್ ಬಂದ ಕೂಡಲೇ ಒಡೆಯಬಾರದು, ಎಲೆಗೆ ಪ್ರಯಾಣದ ಆಯಾಸ. ಮಳೆಗಾಲದಲ್ಲಿ ತೆರೆಯಬಾರದು, ತೇವ. ಬೇಸಿಗೆಯಲ್ಲಿ ಬೇಡ, ಚಹಾ ಉಷ್ಣ. ಹಿತವಾದ ಚಳಿಗಾಲ ಬಂದಾಗ ಇನ್ನೊಂದು ವರ್ಷ ಇಟ್ಟರೆ ಹೇಗಿರಬಹುದು ಎಂಬ ಜಿಜ್ಞಾಸೆ ಹುಟ್ಟುತ್ತದೆ. ಬಡ ಎಲೆಯನ್ನು ಕರ್ರಗೆ ಹುರಿದು ದೋಷ ಮುಚ್ಚುವ ವ್ಯಾಪಾರಿಗಳಿದ್ದಾರೆ ಎಂದು ದೂರುವವರುಂಟು. ಅವರು ಈ ಏರ್ಪಾಡಿನ ಸೊಗಸನ್ನೇ ಕಂಡಿಲ್ಲ. ತೆರೆಯದ ಡಬ್ಬಿಯಲ್ಲಿ ಕಳಪೆಯೂ ಉತ್ತಮವೂ ಸಹೋದರರಂತೆ ಬಾಳುತ್ತವೆ.

ನಿಜವಾದ ಹಂಚಿಕೆ ಬೇರೆ ಎಂದು ಕೆಲವರು ಚಾವ್‌ಝೌ ಕಡೆ ಬೆರಳು ತೋರುತ್ತಾರೆ. ಗ್ವಾಂಗ್‌ಡಾಂಗಿನ ಆ ಊರಿನಲ್ಲಿ ಅಂಗಡಿ ಬಾಗಿಲಲ್ಲೇ ಚಹಾ ತಟ್ಟೆ ಇಟ್ಟಿರುತ್ತಾರೆ. ಎಷ್ಟೇ ಜನ ಕೂತಿರಲಿ, ಬಟ್ಟಲು ಮೂರೇ. ಮೊದಲು ನೀವು, ಇಲ್ಲ ನೀವು ಎಂದು ಸರಿಸುತ್ತ, ಕುಡಿದ ಬಟ್ಟಲನ್ನು ಬಿಸಿನೀರಲ್ಲಿ ಹೊರಳಿಸಿ ಮುಂದಿನವರಿಗೆ ಕೊಡುತ್ತಾರೆ. ಹರಟುವುದು ಮಗಳ ಮದುವೆ, ಮೀನಿನ ಬೆಲೆ. ಚಹಾದ ಸುದ್ದಿಯೇ ಇಲ್ಲ! ಇಂಥವರ ಕೈಗೆ ಈ ಎಲೆ ಸಿಕ್ಕಿ ಶತಮಾನಗಳಾದವು ಎಂದು ನೆನೆದರೆ ಬಳಗದ ಹಿರಿಯರಿಗೆ ಕಣ್ಣು ತುಂಬುತ್ತದೆ.

ಕೇಳದೆ ಹಂಚಿಕೊಂಡವರೂ ಇದ್ದಾರೆ. 1849ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಫಾರ್ಚೂನ್ ಮುಂದಲೆ ಬೋಳಿಸಿ, ಸುಳ್ಳು ಜಡೆ ಕಟ್ಟಿ, ಚೀನೀ ವೇಷದಲ್ಲಿ ವೂಯಿ ತಲುಪಿದ. ಈಸ್ಟ್ ಇಂಡಿಯಾ ಕಂಪನಿಗಾಗಿ ಚೀನಾದಿಂದ ಗಿಡ, ಬೀಜ, ಕೊನೆಗೆ ಚಹಾ ತಯಾರಿಸುವ ಕುಶಲಿಗಳನ್ನೂ ಹಿಮಾಲಯದ ತಪ್ಪಲಿಗೆ ಸಾಗಿಸಿದ. ಅಂದು ಕದ್ದು ತಂದ ಗಿಡಕ್ಕೆ ಯಾರೂ ಸುಂಕ ಕೇಳಲಿಲ್ಲ. ಇಂದು ಹಣ ತೆತ್ತು ತರಿಸುವ ಎಲೆಗೆ ಭಾರತದ ಆಮದು ಸುಂಕ ನೂರಕ್ಕೆ ನೂರು. ಬಳಗ ಇದನ್ನು ಸರ್ಕಾರದ ಮೆಚ್ಚುಗೆ ಎಂದೇ ಸ್ವೀಕರಿಸಿದೆ. ಕೊಳ್ಳುವಾಗ ಎಂಟು ಗ್ರಾಂ ಇದ್ದದ್ದು ಕಸ್ಟಮ್ಸ್ ದಾಟಿದಾಗ ಹದಿನಾರು ಗ್ರಾಮಿನ ಗೌರವ ಪಡೆದಿರುತ್ತದೆ.

ಈ ಸಾಲಿನ ವಸಂತದ ಎಲೆ ಇದ್ದಿಲ ಮೇಲಿನಿಂದ ಇಳಿದಿದೆಯಂತೆ. ಹೋದ ಸಾಲಿನದನ್ನು ಯಾರೂ ಇನ್ನೂ ತೆರೆದಿಲ್ಲ, ಅದರ ಹಿಂದಿನದಕ್ಕೆ ಬೆಂಕಿ ಇಳಿದ ಸುದ್ದಿಯಿಲ್ಲ. ಆದರೂ ಪಾಲಿನ ಪಟ್ಟಿ ಭಾನುವಾರ ಸಂಜೆಗೆ ಮುಚ್ಚುತ್ತದೆ. ಯಜಮಾನರು ಮುಂಗಡವನ್ನಷ್ಟೇ ಕೇಳಿದ್ದಾರೆ. ಇಪ್ಪತ್ತೈದು ಗ್ರಾಮಿನ ಎರಡು ಪಾಲು ಉಳಿದಿವೆ, ಹಾಲು ಸಕ್ಕರೆ ಹಾಕುವವರು ದಯವಿಟ್ಟು ಹೆಸರು ಕೊಡಬಾರದು.