ಸ್ಫೂರ್ತಿ ಪತ್ರ

(ಅಥಣಿಯ ಅಂಗಡಿ. ಕಾಕಾ ಚಪ್ಪಲಿ ಅಟ್ಟೆ ಕುಟ್ಟುತ್ತಿದ್ದಾನೆ; ಅಣ್ಣನ ಮಗ ಮೊಬೈಲ್ ಕುಟ್ಟುತ್ತಿದ್ದಾನೆ. ಸದ್ದು ಒಂದರದೇ.)

“ಕಾಕಾ, 2025ರ ಜೂನ್‌ದಾಗ ಇಟಲಿಯ ಫ್ಯಾಶನ್ ಕಂಪನಿ ಪ್ರಾಡಾದವರು ಮಿಲಾನ್‌ದಾಗ ನಮ್ಮ ಕೊಲ್ಹಾಪುರಿಯಂಥಾ ಚಪ್ಪಲಿ ಮೆರಸಿದ್ರು.”

“ಯಾರದಂತ ಹೇಳಿದ್ರು?”

“‘ಚರ್ಮದ ಚಪ್ಪಲಿ’ ಅಂದ್ರು.”

“ಸುಳ್ಳಂತೂ ಅಲ್ಲ ಬಿಡು. ಬುದ್ಧಿ ಹೇಳಾವ್ರು ಇಲ್ಲೇನು ಅವರಿಗೆ?”

“ಅದಾರಲ್ಲ! 2018ರಾಗ ಅವರ ಗೊಂಬಿ ಕರಿಯರನ್ನ ಅಣಕಿಸ್ತಾವಂತ ಗದ್ದಲಾತು. 2019ರಾಗ ವೈವಿಧ್ಯಕ್ಕಂತನ ಸಲಹಾ ಮಂಡಳಿ ಮಾಡಿದ್ರು.”

“ತಪ್ಪಿಗೊಂದು ಮಂಡಳಿ. ಚಪ್ಪಲಿಗೆ?”

“ಪತ್ರ. ಸಾಮಾಜಿಕ ಜವಾಬ್ದಾರಿ ಮುಖ್ಯಸ್ಥ ಲೊರೆಂಜೊ ಬರ್ಟೆಲ್ಲಿ ಬರದಾರ, ಭಾರತದ ಕೈಕಸುಬಿನಿಂದ ಸ್ಫೂರ್ತಿ ಪಡದೀವಿ ಅಂತ.”

“ಯಾರಿಗೆ?”

“ಮಹಾರಾಷ್ಟ್ರದ ವಾಣಿಜ್ಯ ಮಂಡಳಿಗೆ.”

“ಕೊಲ್ಹಾಪುರಿ ಚಪ್ಪಲಿಯ ಜಿಐ, ಅಂದ್ರ ಭೌಗೋಳಿಕ ಗುರುತು, ಎಂಟ ಜಿಲ್ಲಾಕ್ಕೈತಿ. ಬೆಳಗಾವಿ, ಬಾಗಲಕೋಟಿ, ಧಾರವಾಡ, ವಿಜಾಪುರ, ನಾಕು ನಮ್ಮವ! ಪತ್ರಕ್ಕ ಗಡಿ ದಾಟಾಕ ಆಗಲಿಲ್ಲೇನು?”

“2025ರ ಡಿಸೆಂಬರ್‌ದಾಗ ನಮ್ಮ ಕರ್ನಾಟಕದ ಚರ್ಮ ನಿಗಮ ಲಿಡ್‌ಕರ್ ಜೋಡಿನೂ ಒಪ್ಪಂದ ಆತು, ಕಾಕಾ.”

“ಆಗಲಿ. ಆದ್ರ ದುಡದವರ ಹೆಸರ ನುಂಗೂದು ಯಾವ ನ್ಯಾಯ?”

(ಒಳಗಿಂದ ಕಾಕಿ) “ಚಪ್ಪಲಿ ವೇಣಿ ಹೆಣಿಯಾಕಿ ನಾನು, ಅಂಗಡಿ ಬೋರ್ಡಿನ ಮ್ಯಾಲೆ ‘ಅಂಡ್ ಸನ್ಸ್’. ನನಗ ಯಾವಾಗ ಬರೀತೀರಿ ಪತ್ರ?”