ದಬ್ಬಳದಜ್ಜಿ

ಚಳ್ಳಕೆರೆ ಬಳಿಯ ವರವು ಕಾವಲ್ ಹುಲ್ಲುಗಾವಲಿನ ಆಸುಪಾಸಿನ ಹಟ್ಟಿಗಳಲ್ಲಿ ಓಣಿಗೊಬ್ಬಳು ದಬ್ಬಳದಜ್ಜಿ ಇರುತ್ತಾಳೆ. ವಯಸ್ಸಿನಲ್ಲಿ ಶೇಂಗಾ ಚೀಲದ ಬಾಯಿ ಹೊಲಿದವಳು, ಈಗ ಪಡಸಾಲೆಯಲ್ಲಿ ಕಾಲು ಚಾಚಿ ಕೌದಿ ಹೊಲಿಯುವವಳು. ತಾನು ಹೊಲಿದ ಒಂದು ಚೀಲವೂ ಚಳ್ಳಕೆರೆಯ ಎಣ್ಣೆ ಗಿರಣಿ ಮುಟ್ಟುವ ಮೊದಲು ಬಾಯಿ ಬಿಟ್ಟಿಲ್ಲ ಎನ್ನುತ್ತಾಳೆ. ಅವಳ ಬಾಯಿಗೆ ಮಾತ್ರ ಹೊಲಿಗೆ ಹಾಕಿದವರಿಲ್ಲ.

ಅಂಥ ಒಬ್ಬ ಅಜ್ಜಿಯ ಮನೆಗೆ ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ಎಂಟು ವರ್ಷದ ಮೊಮ್ಮಗ ಬಂದ. "ಈ ಸಲ ಇವನಿಗೆ ಕೌದಿ ಕಲಿಸೇ ಕಳಿಸೋದು" ಎಂದು ಅಜ್ಜಿ ಓಣಿಗೆಲ್ಲ ಸಾರಿದಳು. ಮೊದಲ ದಿನದ ಪಾಠ, ಸೂಜಿಗೆ ದಾರ ಪೋಣಿಸುವುದು. ಎರಡನೇ ದಿನವೂ ಅದೇ. ಆರನೇ ದಿನ ಹುಡುಗ ಕೇಳಿದ: "ಹೊಲಿಯೋದು ಯಾವಾಗಜ್ಜಿ?"

"ಸೂಜಿ ಕೈಗೆ ಒಗ್ಗಬೇಕು ಕಣಲೇ ಮಗಾ. ಮೊಳಕಾಲ್ಮೂರಿನ ರೇಷ್ಮೆ ಮಗ್ಗದೋರ ಮನೇಲಿ ಹುಡುಗ್ರು ಮೊದಲು ಕಂಡಿಕೆ ಸುತ್ತಬೇಕು. ಮಗ್ಗ ಹತ್ತೋಕೆ ಮೀಸೆ ಬರಬೇಕು."

ಪೊರೆ ತೆಗೆಸಿದ ಮೇಲೂ ಅಜ್ಜಿಗೆ ಸೂಜಿಯ ಕಣ್ಣು ಕಾಣದು ಎಂಬುದು ಪಠ್ಯಕ್ರಮದಲ್ಲಿ ಇರಲಿಲ್ಲ.

ಹಟ ಮಾಡಿದ್ದಕ್ಕೆ ತಾತನ ಹಳೆ ಪಂಚೆಯ ತೇಪೆಯ ಮೇಲೆ ಒಂದು ಸಾಲು ಕೊಟ್ಟಳು. ಹುಡುಗ ನಾಲಿಗೆ ಹೊರಗಿಟ್ಟುಕೊಂಡು ಹೊಲಿದ. ಅಜ್ಜಿ ಕನ್ನಡಕ ಏರಿಸಿ, "ಇದೇನಲೇ, ವೇದಾವತಿ ಹರಿದಂಗೈತೆ! ಅದರಲ್ಲೂ ನೀರಿಲ್ಲ, ಇದರಲ್ಲೂ ಬಿಗಿ ಇಲ್ಲ" ಎಂದು ಒಂದೇ ಎಳೆತಕ್ಕೆ ಬಿಚ್ಚಿ, ದಾರವನ್ನು ಜೋಪಾನವಾಗಿ ಸುತ್ತಿಟ್ಟುಕೊಂಡಳು. ನಾಲ್ಕಂಗುಲ ದಾರವನ್ನೂ ಎಸೆಯುವ ಜಾತಿಯಲ್ಲ ಇದು.

ಹುಡುಗನ ಗಮನ ಆಗಾಗ ಆಕಾಶಕ್ಕೆ. ಕಾವಲಿನಲ್ಲಿ 4,290 ಎಕರೆ ಡಿಆರ್‌ಡಿಒ ಪಾಲಾಗಿ, 2017ರಲ್ಲಿ ವಿಮಾನ ಪರೀಕ್ಷಾ ವಲಯ ಶುರುವಾಯಿತಲ್ಲ, ಮೇಲೆ ಏನಾದರೂ ಗುಂಯ್‌ಗುಟ್ಟಿದರೆ ಸಾಕು, ಸೂಜಿ ಕೆಳಗೆ. ಅದರಲ್ಲಿ ಪೈಲಟ್ಟೇ ಇರುವುದಿಲ್ಲವೆಂದು ಅವನು ವಿವರಿಸಿದ.

"ಕುರಿ ಮೇಯೋ ಜಾಗ ಅಷ್ಟು ತಗೊಂಡ್ರಲ್ಲ," ಎಂದಳು ಅಜ್ಜಿ, "ಆಳಿಲ್ದೆ ವಿಮಾನ ಹಾರಿಸೋರಿಗೆ ಹುಡುಗ್ರಿಲ್ದೆ ದಾರ ಏರೋ ಸೂಜಿ ಮಾಡೋಕೆ ಬರಲ್ವಂತಾ?"

ಹೊರಡುವ ದಿನ ಅಜ್ಜಿ ಹತ್ತು ಸೂಜಿ ಮುಂದಿಟ್ಟಳು. ಒಂದು ತಿಂಗಳಿಗೆ ದಾಸ್ತಾನು. ಬಸ್ಸಿಗೆ ಹೊತ್ತಾಗಿತ್ತು. ಹುಡುಗ ಉಂಡೆಯ ಒಂದೇ ದಾರವನ್ನು ಹತ್ತೂ ಸೂಜಿಗೆ ಸಾಲಾಗಿ ತೂರಿಸಿ, ಕತ್ತರಿಸದೆ ಹಾಗೇ ಬಿಟ್ಟು ಓಡಿದ. ಸಂಜೆ ನೋಡಿದ ಅಜ್ಜಿ ದೀಪ ಹಚ್ಚುವವರೆಗೆ ಬೈದಳು. ಪೇಟೆ ಸೋಮಾರಿತನ, ಸೊಸೆ ಬೆಳೆಸಿದ ರೀತಿ, ಯಾವುದೂ ಉಳಿಯಲಿಲ್ಲ.

ಬೆಳಿಗ್ಗೆ ಒಂಬತ್ತು ಸೂಜಿ ಹಿಂದಕ್ಕೆ ಸರಿಸಿ, ಮುಂದಿನದಕ್ಕೆ ಒಂದು ಮಾರು ದಾರ ಬಿಟ್ಟು ಕತ್ತರಿಸಿದಳು. ಉಳಿದ ಒಂಬತ್ತೂ ಪೋಣಿಸಿದಂತೆಯೇ ಇದ್ದವು. ಇನ್ನೊಂದು ಸರಿಸಿ ನೋಡಿದಳು. ಸುಮ್ಮನಾದಳು.

ಮಧ್ಯಾಹ್ನದ ಹೊತ್ತಿಗೆ ಓಣಿಯ ಮೂವರು ಹೆಂಗಸರು ಪಡಸಾಲೆಯಲ್ಲಿ ಕೂತಿದ್ದರು. "ನೋಡ್ರಮ್ಮ, ನಮ್ಮತ್ತೆ ಕಾಲದ ವಿದ್ಯೆ ಇದು," ಎನ್ನುತ್ತಿದ್ದಳು ಅಜ್ಜಿ. "ಯಾರಿಗೂ ಹೇಳಿರ್ಲಿಲ್ಲ. ಹುಡುಗ ಕಾಡಿದ ಅಂತ ಕಲಿಸಿದೆ."